ಹಿಡಿಸದವರಿಗೂ ನೆಲೆ ಕೊಟ್ಟ ರೋಜರ್ ವಿಲಿಯಮ್ಸ್

ಧರ್ಮಶ್ರದ್ಧೆ ಗಾಢವಾದಷ್ಟೂ ಅನ್ಯರ ಮೇಲಿನ ಬಲವಂತ ಹೆಚ್ಚುತ್ತದೆಂದು ನೀವು ಭಾವಿಸಿದ್ದರೆ ರೋಜರ್ ವಿಲಿಯಮ್ಸ್‌ರ ಜೀವನವನ್ನೊಮ್ಮೆ ನೋಡಿರಿ.

ಲಂಡನ್ನಿನ ಈ ಕ್ರೈಸ್ತ ಪಾದ್ರಿ 1631ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿಗೆ ಬಂದರು. ಇಂಗ್ಲೆಂಡಿನ ಚರ್ಚಿನ ಕಿರುಕುಳ ತಾಳದೆ ಅಲ್ಲಿಗೆ ವಲಸೆ ಬಂದಿದ್ದ ಪ್ಯೂರಿಟನ್ನರು ತಾವೇ ಈಗ ಇತರರ ವಿಶ್ವಾಸವನ್ನು ಕಾನೂನಿನಿಂದ ಅಳೆಯುತ್ತಿದ್ದರು. ಆರಾಧನೆಯ ವಿಷಯದಲ್ಲಿ ಶಿಕ್ಷಿಸುವ ಅಧಿಕಾರ ಸರಕಾರಕ್ಕಿಲ್ಲವೆಂದೂ, ಮೂಲನಿವಾಸಿಗಳ ಭೂಮಿಯನ್ನು ಹಂಚುವ ಹಕ್ಕು ದೊರೆಗಿಲ್ಲವೆಂದೂ ವಿಲಿಯಮ್ಸ್ ಸಾರಿದರು. 1635ರಲ್ಲಿ ಗಡೀಪಾರು ಶಿಕ್ಷೆಯಾಯಿತು. ಮರುವರ್ಷದ ಜನವರಿಯಲ್ಲಿ ಮಡದಿ ಮಕ್ಕಳನ್ನು ಬಿಟ್ಟು, ಹಿಮ ತುಂಬಿದ ಕಾಡು ಹಿಡಿದರು. ಆಶ್ರಯವಿತ್ತವರು ಆ ಮೂಲನಿವಾಸಿಗಳೇ.

1636ರಲ್ಲಿ ನರಗ್ಯಾನ್ಸೆಟ್ ಜನರ ಮುಖಂಡರಿಂದ ಭೂಮಿ ಪಡೆದು ಪ್ರಾವಿಡೆನ್ಸ್ ಊರನ್ನು ಕಟ್ಟಿದರು. ಅಲ್ಲಿ ಸರಕಾರದ ಆಜ್ಞೆ ಲೌಕಿಕ ವ್ಯವಹಾರಗಳಿಗೆ ಮಾತ್ರ. ಬಲವಂತದ ಆರಾಧನೆ ಕಪಟಿಗಳನ್ನಷ್ಟೇ ಸೃಷ್ಟಿಸುತ್ತದೆಂಬುದು ಅವರ ನಿಲುವು. 1644ರ ತಮ್ಮ ಗ್ರಂಥದಲ್ಲಿ ಯಹೂದಿಗಳಿಗೂ, ಅಂದು ತುರ್ಕರೆನಿಸಿದ್ದ ಮುಸ್ಲಿಮರಿಗೂ ಆ ಸ್ವಾತಂತ್ರ್ಯ ಬೇಕೆಂದು ವಾದಿಸಿದರು.

ಈ ನಿಲುವಿಗೆ ಪರೀಕ್ಷೆಯೂ ಒದಗಿತು. ಕ್ವೇಕರ್ ಪಂಥದ ಬೋಧನೆ ಅವರಿಗೆ ಹಿಡಿಸಲೇ ಇಲ್ಲ. 1659ರಿಂದ 1661ರೊಳಗೆ ಮ್ಯಾಸಚೂಸೆಟ್ಸ್ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿತು. ವಿಲಿಯಮ್ಸ್‌ರ ನಾಡಿನಲ್ಲಾದರೋ ಆ ಪಂಥದವರು ನಿರ್ಭಯವಾಗಿ ಬಾಳಿದರು. 1672ರಲ್ಲಿ, ಎಪ್ಪತ್ತರ ಆಸುಪಾಸಿನ ಈ ವೃದ್ಧರು ದಿನವಿಡೀ ದೋಣಿಯ ಹುಟ್ಟು ಹಾಕಿ ನ್ಯೂಪೋರ್ಟಿಗೆ ಹೋಗಿ ಅವರೊಂದಿಗೆ ಮೂರು ದಿನ ಕಟುವಾಗಿಯೇ ವಾದಿಸಿದರು. ಆದರೆ ವಾದಕ್ಕೆ ನಾಲಗೆಯನ್ನು ಬಳಸಿದರೇ ಹೊರತು ದಂಡವನ್ನಲ್ಲ.

1683ರಲ್ಲಿ ಅವರು ತೀರಿಕೊಂಡರು. ಗಡೀಪಾರಿನ ಆಜ್ಞೆಯನ್ನು ಮ್ಯಾಸಚೂಸೆಟ್ಸ್ ರದ್ದುಗೊಳಿಸಿದ್ದು 1936ರಲ್ಲಿ!

ಇನ್ನು ನಿಮ್ಮನ್ನೇ ಕೇಳಿಕೊಳ್ಳಿರಿ: ನಿಮಗೆ ಒಪ್ಪಿಗೆಯಾಗದ ವಿಶ್ವಾಸದವನು ನಿಮ್ಮ ನೆರೆಯಲ್ಲಿ ನಿರ್ಭಯವಾಗಿ ಮಲಗಬಲ್ಲನೇ?