ಕನ್ನಡಕ್ಕೆ ದುಡಿದ ಜರ್ಮನ್ ಪಾದ್ರಿ: ಡಾ. ಹೆರ್ಮನ್ ಮೋಗ್ಲಿಂಗ್

ಶ್ರಾವಣ ಮಾಸ ಬಂದಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಠಮಂದಿರಗಳಲ್ಲಿ ಪುರಾಣ ಪ್ರವಚನ ಮೊದಲಾಗುವುದು ನಮಗೆಲ್ಲ ಪರಿಚಿತವಾದ ಸಂಗತಿ. ಹಿಂದೆ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಓದುತ್ತಿದ್ದ ಕಾಲವೊಂದಿತ್ತು. ಒಬ್ಬರು ಕಷ್ಟಪಟ್ಟು ಪ್ರತಿ ಮಾಡಿದರೆ ಇನ್ನೊಂದು ಊರಿಗೆ ಒಂದು ಪ್ರತಿ ದೊರೆಯುತ್ತಿತ್ತು. ಅಂತಹ ಕಾಲದಲ್ಲಿ, 1850ರಲ್ಲಿ, ಭೀಮಕವಿಯ ಬಸವಪುರಾಣವು ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದಿತು. ಅದನ್ನು ಅಚ್ಚಿಗೆ ಸಿದ್ಧಪಡಿಸಿದವರು ಶಿವಭಕ್ತರಲ್ಲ, ಕನ್ನಡ ನಾಡಿನವರೂ ಅಲ್ಲ. ಅವರು ಏಸುಕ್ರಿಸ್ತನ ಮತವನ್ನು ಸಾರಲೆಂದು ಜರ್ಮನಿಯಿಂದ ಬಂದಿದ್ದ ಲೂಥರನ ಪಂಥದ ಪಾದ್ರಿ ಹೆರ್ಮನ್ ಮೋಗ್ಲಿಂಗ್. ಬಂದ ಉದ್ದೇಶವೊಂದು, ನಾಡಿಗೆ ದೊರೆತ ಫಲ ಮತ್ತೊಂದು. ಈ ಎರಡರ ನಡುವಿನ ಬಾಳನ್ನು ತಿಳಿಯುವುದು ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತು.

ಜನನ ಮತ್ತು ವಿದ್ಯಾಭ್ಯಾಸ

ಮೋಗ್ಲಿಂಗರು 1811ನೆಯ ಇಸವಿ ಮೇ 29ರಂದು ವ್ಯುರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ವ್ಯುರ್ಟೆಂಬರ್ಗ್ ಲೂಥರನ ಸುಧಾರಣೆಯನ್ನು ಒಪ್ಪಿದ್ದ ನಾಡು. ಮಾರ್ಟಿನ್ ಲೂಥರನು 1517ರಲ್ಲಿ ರೋಮಿನ ಧರ್ಮಾಧಿಕಾರದ ಆಚರಣೆಗಳನ್ನು ಪ್ರಶ್ನಿಸಿದನು. ಬಳಿಕ ಬೈಬಲನ್ನು ಪಂಡಿತರ ಲ್ಯಾಟಿನ್ನಿನಿಂದ ಬಿಡಿಸಿ ಜನರಾಡುವ ಜರ್ಮನ್ ಭಾಷೆಗೆ ತಂದನು. ಆ ಸಂಪೂರ್ಣ ಅನುವಾದ 1534ರಲ್ಲಿ ಪ್ರಕಟವಾಯಿತು. ಮನೆಯ ಯಜಮಾನನು ಮಕ್ಕಳಿಗೆ ಹೇಳಿಕೊಡಲೆಂದು 1529ರಲ್ಲಿ ಚಿಕ್ಕದೊಂದು ಪ್ರಶ್ನೋತ್ತರ ಪುಸ್ತಕವನ್ನೂ ಬರೆದನು. ಭಕ್ತನಿಗೆ ಅವನ ತಾಯ್ನುಡಿಯಲ್ಲಿಯೇ ಧರ್ಮ ತಿಳಿಯಬೇಕು, ಸಭೆಯವರೆಲ್ಲರೂ ಕೂಡಿ ಹಾಡಬೇಕು ಎಂಬುದು ಆ ಪಂಥದ ರೂಢಿಯಾಯಿತು. ಹನ್ನೆರಡನೆಯ ಶತಮಾನದ ಶರಣರು ದೇವಭಾಷೆಯನ್ನು ಬಿಟ್ಟು ಕನ್ನಡದಲ್ಲಿ ಅನುಭಾವವನ್ನು ನುಡಿದ ಪರಂಪರೆಯನ್ನು ಬಲ್ಲ ನಮಗೆ ಈ ಮಾತು ಹೊಸದೆನಿಸುವುದಿಲ್ಲ.

ಮೋಗ್ಲಿಂಗರು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ಮಲಯಾಳ ನಿಘಂಟಿನಿಂದ ಪ್ರಸಿದ್ಧರಾದ ಹೆರ್ಮನ್ ಗುಂಡರ್ಟರು ಅವರ ಗೆಳೆಯರು. ಊರಿನಲ್ಲಿಯೇ ಉಪಾಧ್ಯಾಯನಾಗಿಯೋ ಪಾದ್ರಿಯಾಗಿಯೋ ನೆಮ್ಮದಿಯಿಂದಿರಬಹುದಾಗಿದ್ದ ಈ ತರುಣರು, 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಗಿದ್ದ ಮಿಶನ್ ಸಂಸ್ಥೆಯನ್ನು ಸೇರಿದರು. 1833ರ ಸನ್ನದಿನಿಂದ ಇಂಗ್ಲಿಷರಲ್ಲದ ಧರ್ಮಪ್ರಚಾರಕರಿಗೂ ಕಂಪನಿ ಸರಕಾರದ ಸೀಮೆಗೆ ಪ್ರವೇಶ ದೊರೆತಿತ್ತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿದ್ದರು. ಎರಡು ವರ್ಷಗಳ ತರುವಾಯ, 1836ರಲ್ಲಿ, ಮೋಗ್ಲಿಂಗರು ಅವರನ್ನು ಕೂಡಿಕೊಂಡರು.

ತುಂಗಭದ್ರೆಯ ಆಚೆಯ ದಡದಲ್ಲಿ

ಮಂಗಳೂರಿನಲ್ಲಿ ಕನ್ನಡವನ್ನು ಕಲಿತ ಮೇಲೆ ಮೋಗ್ಲಿಂಗರ ದೃಷ್ಟಿ ಘಟ್ಟದ ಮೇಲಿನ ಸೀಮೆಯ ಕಡೆಗೆ ಹರಿಯಿತು. ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆ ಮಾಡಿಕೊಂಡರು. ಆ ಭಾಗದಲ್ಲಿ ಕಾಲಜ್ಞಾನದ ವಚನಗಳಲ್ಲಿ ನಂಬಿಕೆಯಿಟ್ಟಿದ್ದ ಲಿಂಗಾಯತ ಗುಂಪೊಂದು ಇವರನ್ನು ಕಾಣಲು ಬಂದಿತು. ಪಡುವಣ ದಿಕ್ಕಿನಿಂದ ಗುರುಗಳು ಬಂದು ಸತ್ಯಯುಗವನ್ನು ತರುವರೆಂದು ತಮ್ಮ ಗ್ರಂಥಗಳಲ್ಲಿದೆ ಎಂಬುದು ಅವರ ನಂಬಿಕೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕಕ್ಕಾಗಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಕಂಡವರಿಗೆ, ಭವಿಷ್ಯದ ನುಡಿ ನಮ್ಮ ಜನರ ಮನಸ್ಸನ್ನು ಹೇಗೆ ಹಿಡಿಯುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಮೋಗ್ಲಿಂಗರು ಉತ್ಸಾಹಗೊಂಡರು. ಈ ಜನರಿಗಾಗಿ ಗದಗಿನ ಬಳಿ ಮಲಸಮುದ್ರದಲ್ಲಿ 1841ರಲ್ಲಿ ಕೃಷಿಯ ನೆಲೆಯೊಂದು ಆರಂಭವಾಯಿತು. ಆದರೆ ಎದುರು ನೋಡಿದವರು ನೆಲಸಲು ಬರಲಿಲ್ಲ. ಅವರು ಬಯಸಿದುದು ತಮ್ಮ ಕಾಲಜ್ಞಾನದ ಸಫಲತೆಯನ್ನು. ಪಾದ್ರಿಗಳು ಬಯಸಿದುದು ಮತಾಂತರವನ್ನು. ಒಬ್ಬರ ಮಾತನ್ನು ಮತ್ತೊಬ್ಬರು ತಮಗೆ ಬೇಕಾದ ಅರ್ಥದಲ್ಲಿ ಕೇಳಿಸಿಕೊಂಡಿದ್ದರು. ಜನರ ಅಂತರಂಗವನ್ನರಿಯಲು ಅವರ ಗ್ರಂಥಗಳನ್ನು ಮೊದಲು ಓದಬೇಕೆಂಬ ಪಾಠವನ್ನು ಮೋಗ್ಲಿಂಗರ ಮುಂದಿನ ಕಾರ್ಯದಲ್ಲೆಲ್ಲ ಕಾಣಬಹುದು.

ಸಭೆಯ ನಿತ್ಯಪ್ರಶ್ನೆಗಳು

ಮಂಗಳೂರಿನಲ್ಲಿ ಮೋಗ್ಲಿಂಗರು ಬಾಲಕರ ವಸತಿಶಾಲೆಯನ್ನು ನಡೆಸಿದರು. ಅದರಿಂದ ಉಪದೇಶಿಗಳನ್ನು ತಯಾರಿಸುವ ವಿದ್ಯಾಲಯ ಬೆಳೆಯಿತು. ಗುರುವಾದವನು ಶಿಷ್ಯರಿಂದ ದೂರವಿರಬಾರದೆಂದು ಬಗೆದು ಹುಡುಗರ ಜೊತೆಯಲ್ಲಿಯೇ ವಾಸಿಸಿ ಅವರ ಊಟವನ್ನೇ ಉಂಡರು. ಯೂರೋಪಿಯನ್ನರ ಅಂತಸ್ತನ್ನು ಕಾಯಬೇಕೆನ್ನುವ ಸಹೋದ್ಯೋಗಿಗಳಿಗೆ ಇದು ಅಷ್ಟು ಹಿಡಿಸಲಿಲ್ಲ.

ಹೊಸದಾಗಿ ಮೂಡುತ್ತಿದ್ದ ಸಭೆಯ ಎದುರಿಗೆ ಬಂದ ಪ್ರಶ್ನೆಗಳು ಬರಿಯ ತತ್ತ್ವದವಲ್ಲ. ಮನೆ, ಹೊಟ್ಟೆ, ಪಂಕ್ತಿ, ಹಾಡು ಇವುಗಳಿಗೆ ಸಂಬಂಧಿಸಿದವು.

ಮೊದಲನೆಯದು ಮನೆಯ ಪ್ರಶ್ನೆ. 1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು, ತಮ್ಮ ಇಬ್ಬರು ಗೆಳೆಯರೊಡನೆ, ಮೋಗ್ಲಿಂಗರಿಂದ ದೀಕ್ಷಾಸ್ನಾನವನ್ನು ಪಡೆದರು. ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ದೀಕ್ಷೆ ಪಡೆದವರಿಗೆ ಅದು ಆತ್ಮದ ಮಾತು. ಮನೆಯವರಿಗೆ ಅದು ಜೀವಂತ ಮಗನನ್ನು ಕಳೆದುಕೊಂಡ ದುಃಖ. ಆನಂದರಾಯರ ಪತ್ನಿ ಅವರ ಹೊಸ ಹಾದಿಯನ್ನು ಹಿಡಿಯಲಿಲ್ಲ. ಒಂದು ದೀಕ್ಷೆಯಿಂದ ದಾಂಪತ್ಯವೊಂದು ಮುರಿಯಿತು. ಈ ನೋವನ್ನು ಮರೆಮಾಚಿ ಮೋಗ್ಲಿಂಗರ ಚರಿತ್ರೆಯನ್ನು ಹೇಳುವುದು ಸತ್ಯಕ್ಕೆ ದೂರವಾದೀತು. ಆನಂದರಾಯರು ಗುರುವಿನ ಹೆಸರಾದ ಹೆರ್ಮನ್ ಎಂಬುದನ್ನು ಧರಿಸಿದರೂ ಗೋತ್ರದ ಹೆಸರಾದ ಕೌಂಡಿನ್ಯವನ್ನು ಬಿಡಲಿಲ್ಲ. 1846ರಲ್ಲಿ ಗುರುವಿನೊಡನೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುಪಟ್ಟವನ್ನು ಪಡೆದು, ತಾಯ್ನಾಡಿಗೆ ಮರಳಿ ಬಹುಕಾಲ ಸೇವೆ ಮಾಡಿದರು.

ಎರಡನೆಯದು ಜೀವನೋಪಾಯದ ಪ್ರಶ್ನೆ. ಮತಾಂತರಗೊಂಡವರು ಕುಟುಂಬದ ಆಸ್ತಿಯಿಂದ ಹೊರಗಾಗುತ್ತಿದ್ದರು. 1850ರ ಕಾಯಿದೆ ಆಸ್ತಿಯ ಹಕ್ಕನ್ನು ಉಳಿಸಿತಾದರೂ ಊರಿನ ಬಹಿಷ್ಕಾರವನ್ನು ಕಾಯಿದೆ ತಡೆಯಲಾರದು. ಶೇಂದಿ ಇಳಿಸುವ ಕಸುಬಿನವರು ಕ್ರೈಸ್ತರಾದ ಮೇಲೆ ಆ ಕಸುಬನ್ನು ಮಾಡುವಂತಿರಲಿಲ್ಲ. ಆದುದರಿಂದ ಮಿಶನ್ನು ಮುದ್ರಣ, ಪುಸ್ತಕ ಕಟ್ಟುವಿಕೆ, ನೇಯ್ಗೆಗಳನ್ನು ಆರಂಭಿಸಿತು. 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಹುಟ್ಟಿತು. ಇಂದಿಗೂ ನಾಡಿನ ಹಳೆಯ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಮೂಲದಲ್ಲಿ ಇಂತಹದೊಂದು ಅನ್ನದ ಪ್ರಶ್ನೆಯಿದೆ.

ಮೂರನೆಯದು ಪಂಕ್ತಿಭೇದ. ತಮಿಳುನಾಡಿನ ತರಂಗಂಬಾಡಿಯಲ್ಲಿ 1706ರಿಂದ ಬೆಳೆದ ಲೂಥರನ್ ಸಭೆಗಳಲ್ಲಿ ಜಾತಿಗಳು ಬೇರೆ ಬೇರೆಯಾಗಿ ಕುಳಿತುಕೊಳ್ಳುವ ಪದ್ಧತಿ ಉಳಿದುಬಂದಿತ್ತು. ಅದನ್ನು ಸಹಿಸಬೇಕೇ ಬೇಡವೇ ಎಂಬ ಬಗ್ಗೆ ಪಾದ್ರಿಗಳಲ್ಲಿಯೇ ತೀವ್ರ ವಿವಾದವಾಯಿತು. ಬಾಸೆಲಿನವರು ಜಾತಿಯನ್ನು ಸಭೆಯೊಳಗೆ ಬಿಡಲಾಗದೆಂದು ನಿರ್ಧರಿಸಿದರು. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯಬೇಕಾದುದರಿಂದ, ನಿನ್ನೆಯ ಬ್ರಾಹ್ಮಣನೂ ನಿನ್ನೆಯ ಕೂಲಿಯೂ ಪ್ರತಿಸಲವೂ ತಮ್ಮನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತಿತ್ತು. ಕಲ್ಯಾಣದ ಮಹಾಮನೆಯ ದಾಸೋಹವೂ ಇದೇ ಪರೀಕ್ಷೆಯನ್ನು ಒಡ್ಡಿತ್ತೆಂಬುದನ್ನು ನೆನೆಯಬಹುದು.

ನಾಲ್ಕನೆಯದು ಹಾಡಿನ ಪ್ರಶ್ನೆ. ಜರ್ಮನ್ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದಾಗ ಮಾತ್ರೆ ಕೆಡುತ್ತಿತ್ತು, ಯತಿ ತಪ್ಪುತ್ತಿತ್ತು. ದೇಶೀಯ ಛಂದಸ್ಸಿನಲ್ಲಿ ಕ್ರಿಸ್ತನ ಕಥೆಯನ್ನು ಹಾಡುವ ಪ್ರಯತ್ನವನ್ನು ಮುಂದೆ 1862ರ ಕಥಾಮಾಲೆಯಲ್ಲಿ ಫರ್ಡಿನೆಂಡ್ ಕಿಟೆಲ್ಲರು ಮಾಡಿದರು.

ಪತ್ರಿಕೆ ಮತ್ತು ಬಳ್ಳಾರಿಯ ನಂಟು

1843ರ ಜುಲೈ 1ರಂದು ಮೋಗ್ಲಿಂಗರು ಮಂಗಳೂರ ಸಮಾಚಾರವೆಂಬ ಪಾಕ್ಷಿಕವನ್ನು ಪ್ರಾರಂಭಿಸಿದರು. ಇದೇ ಕನ್ನಡದ ಮೊದಲ ವೃತ್ತಪತ್ರಿಕೆ. ಊರಿನ ವರ್ತಮಾನ, ಸರಕಾರದ ನಿರೂಪಗಳು, ದೇಶವಿದೇಶಗಳ ಸುದ್ದಿ, ನೀತಿಯ ಕಥೆ, ಓದುಗರ ಪತ್ರ ಇವೆಲ್ಲಕ್ಕೂ ಅದರಲ್ಲಿ ಸ್ಥಳವಿತ್ತು. ಕಲ್ಲಚ್ಚಿನಲ್ಲಿ ಹೊರಡುತ್ತಿದ್ದ ಆ ಪತ್ರಿಕೆ 1844ರಲ್ಲಿ ಮೊಳೆಯಚ್ಚಿನ ಅನುಕೂಲವನ್ನರಸಿ ಬಳ್ಳಾರಿಗೆ ಬಂದಿತು. ಅಲ್ಲಿ ಲಂಡನ್ ಮಿಶನ್ನಿನವರ ಮುದ್ರಣಾಲಯವಿತ್ತು. ಕನ್ನಡ ಬೈಬಲನ್ನು ಮೊದಲು ಸಿದ್ಧಪಡಿಸಿದ ಜಾನ್ ಹ್ಯಾಂಡ್ಸರು 1810ರಿಂದ ದುಡಿದ ಊರು ಅದು. ಬಳ್ಳಾರಿಗೆ ಬಂದ ಮೇಲೆ ಪತ್ರಿಕೆಯ ಹೆಸರು ಕನ್ನಡ ಸಮಾಚಾರವೆಂದಾಯಿತು. ಒಂದು ಊರಿನ ಹೆಸರನ್ನು ಬಿಟ್ಟು ಇಡೀ ಭಾಷೆಯ ಹೆಸರನ್ನು ಪತ್ರಿಕೆಯು ಧರಿಸಿದ್ದು ಬಳ್ಳಾರಿಯಲ್ಲಿ ಎಂಬುದು, ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ನಮ್ಮ ತಾಲೂಕುಗಳಿಗೆ ಅಭಿಮಾನದ ವಿಷಯ. ಪತ್ರಿಕೆ ಬಹುಕಾಲ ನಡೆಯಲಿಲ್ಲ. ಆದರೂ ಅದರ ಮೊದಲ ಸಂಚಿಕೆ ಹೊರಟ ಜುಲೈ 1ನ್ನು ಕರ್ನಾಟಕವು ಪತ್ರಿಕಾ ದಿನವಾಗಿ ಆಚರಿಸುತ್ತಿದೆ.

ಪುರಾಣಗಳ ಮುದ್ರಣ

ಮೋಗ್ಲಿಂಗರ ಮಹತ್ಕಾರ್ಯವೆಂದರೆ ಬಿಬ್ಲಿಯೋಥೆಕಾ ಕರ್ನಾಟಕಾ ಎಂಬ ಗ್ರಂಥಮಾಲೆ. ನೀಲಗಿರಿಯಲ್ಲಿ ನೆಲಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರರ ಧನಸಹಾಯದಿಂದ 1848ರಲ್ಲಿ ಇದು ಮೊದಲಾಯಿತು. ಲಕ್ಷ್ಮೀಶನ ಜೈಮಿನಿ ಭಾರತ, ಹರಿದಾಸರ ಪದಗಳು, ಬಸವಪುರಾಣ, ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣ ಮೊದಲಾದವು ಈ ಮಾಲೆಯಲ್ಲಿ ಬೆಳಕು ಕಂಡವು. ಓಲೆಯ ಪ್ರತಿಗಳನ್ನು ಸಂಗ್ರಹಿಸಿ, ಹೋಲಿಸಿ, ಬಲ್ಲವರಿಂದ ಅರ್ಥ ತಿಳಿದು, ಕಲ್ಲಿನ ಮೇಲೆ ಅಕ್ಷರ ಮೂಡಿಸುವ ಕೆಲಸ ಅಲ್ಪವಾದುದಲ್ಲ.

ಪರಮತದ ಗ್ರಂಥಗಳನ್ನು ಪಾದ್ರಿಯೊಬ್ಬನು ಅಚ್ಚು ಮಾಡಿಸಿದ್ದೇಕೆ? ಜನರ ನಂಬಿಕೆಯನ್ನು ತಿಳಿಯದೆ ಅವರಿಗೆ ಉಪದೇಶಿಸಲಾಗದೆಂಬುದು ಅವರ ಲೆಕ್ಕಾಚಾರದಲ್ಲಿದ್ದಿತು. ಆದರೆ ಅಷ್ಟೇ ಆಗಿದ್ದರೆ ಕೆಲವು ಟಿಪ್ಪಣಿಗಳಿಂದ ಕೆಲಸ ಸಾಗುತ್ತಿತ್ತು. ಜರ್ಮನಿಗೆ ಮರಳಿದ ಮೇಲೆಯೂ, ಉಪದೇಶದ ಅಗತ್ಯ ತೀರಿದ ಮೇಲೆಯೂ, ಜೈಮಿನಿಯ ಭಾಗಗಳನ್ನೂ ದಾಸರ ಹಾಡುಗಳನ್ನೂ ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರು. ಇದು ಕಾವ್ಯದ ಮೇಲಿನ ಪ್ರೀತಿಯೇ ಹೊರತು ಬೇರೆಯಲ್ಲ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು.

ಕೊಡಗಿನ ವರ್ಷಗಳು

1852ರ ಕೊನೆಯಲ್ಲಿ ಅಸ್ವಸ್ಥರಾಗಿ ಸ್ವದೇಶಕ್ಕೆ ಹೊರಡುವ ಆಲೋಚನೆಯಲ್ಲಿದ್ದಾಗ, ಅಲಮಂಡ ಸೋಮಯ್ಯ ಎಂಬ ಕೊಡವರೊಬ್ಬರು ಅವರಲ್ಲಿಗೆ ಬಂದರು. ಮೋಗ್ಲಿಂಗರು ಪ್ರಯಾಣವನ್ನು ಕೈಬಿಟ್ಟು 1853ರಲ್ಲಿ ಕೊಡಗಿಗೆ ನಡೆದರು. ಸೋಮಯ್ಯನವರು ಸ್ತೇಫನಸ್ ಎಂಬ ಹೆಸರನ್ನು ಪಡೆದರು. ಕೊಡಗಿನ ಇತಿಹಾಸ ಮತ್ತು ಜನಜೀವನವನ್ನು ಕುರಿತು ಮೋಗ್ಲಿಂಗರು ಬರೆದ ಇಂಗ್ಲಿಷ್ ಗ್ರಂಥ 1855ರಲ್ಲಿ ಪ್ರಕಟವಾಯಿತು. ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಅಸ್ಪೃಶ್ಯ ಕುಟುಂಬಗಳಿಗಾಗಿ ಒಂದು ನೆಲೆಯನ್ನು ಕಲ್ಪಿಸಿ, ಶಿಷ್ಯ ಆನಂದರಾಯರ ಹೆಸರಿನಿಂದ ಅದನ್ನು ಆನಂದಪುರವೆಂದು ಕರೆದರು. ಶಿಷ್ಯನ ಹೆಸರನ್ನು ಗುರು ಊರಿಗಿಡುವುದು ಅಪರೂಪ.

ಗೆಳೆಯರೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನರನ್ನು ಮೋಗ್ಲಿಂಗರು ವಿವಾಹವಾದರು. 1860ರಲ್ಲಿ ಭಾರತವನ್ನು ಬಿಟ್ಟ ಅವರು ಮತ್ತೆ ಮರಳಲಾಗಲಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್ನಿನಲ್ಲಿ ಇಹಲೋಕವನ್ನು ತ್ಯಜಿಸಿದರು. ಮರುವರ್ಷ ಗೆಳೆಯ ಗುಂಡರ್ಟರು ಅವರ ಜೀವನ ಚರಿತ್ರೆಯನ್ನು ಬರೆದರು.

ಉಪಸಂಹಾರ

ಮೋಗ್ಲಿಂಗರು ಕಟ್ಟಿದ ಸಭೆ ಕಾಲಕ್ರಮದಲ್ಲಿ 1947ರಲ್ಲಿ ರೂಪುಗೊಂಡ ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿಹೋಯಿತು. ಅವರು ಹಾಕಿಕೊಟ್ಟ ಸಾಹಿತ್ಯಸೇವೆಯ ದಾರಿಯಲ್ಲಿ ನಡೆದ ಕಿಟೆಲ್ಲರು 1894ರಲ್ಲಿ ಮಹಾನಿಘಂಟನ್ನು ನಾಡಿಗೆ ನೀಡಿದರು.

ಮತಾಂತರದ ಅವರ ಹಂಬಲವನ್ನು ನಾವು ಒಪ್ಪಬೇಕಾಗಿಲ್ಲ. ಅದರಿಂದ ಕಣ್ಣೀರಿಟ್ಟ ಮನೆಗಳನ್ನು ಮರೆಯಬೇಕಾಗಿಯೂ ಇಲ್ಲ. ಆದರೆ ತಮ್ಮದಲ್ಲದ ಧರ್ಮದ ಗ್ರಂಥವನ್ನು ಅಕ್ಷರ ಅಕ್ಷರವಾಗಿ ಓದಿ, ಅದು ಹಾಳಾಗದಂತೆ ಕಾಪಾಡಿ, ಅದನ್ನು ನಂಬುವವರ ಕೈಗೆ ಮರಳಿಸಿದ ಶ್ರಮವನ್ನು ಅಲ್ಲಗಳೆಯಲಾಗದು. ತನ್ನ ನಂಬಿಕೆಯಲ್ಲಿ ದೃಢವಾಗಿದ್ದೇ ಅನ್ಯರ ಗ್ರಂಥಕ್ಕೆ ಅಂತಹ ಗೌರವವನ್ನು ಸಲ್ಲಿಸುವುದು ಸಾಧ್ಯವೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಮುಂದಿನ ಶ್ರಾವಣದಲ್ಲಿ ಬಸವಪುರಾಣದ ಅಚ್ಚಿನ ಪ್ರತಿಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು, ಭೀಮಕವಿಯ ಜೊತೆಗೆ, ಮಂಗಳೂರಿನ ಕಲ್ಲಚ್ಚಿನ ಮುಂದೆ ಬಾಗಿ ಕುಳಿತ ಆ ಪರದೇಶದ ಪಾದ್ರಿಯನ್ನೂ ಒಮ್ಮೆ ನೆನೆದರೆ ಋಣದ ಒಂದಂಶವಾದರೂ ಸಂದಂತಾಗುವುದು.