ಗುಬ್ಬಿಯಲ್ಲಿ ಎರಡು ವರ್ಷ, ಸಭೆಗಳಿಗಾಗಿ ಒಂದು ಜೀವಮಾನ

ವೀರಣ್ಣನವರ ನಾಟಕ ಕಂಪನಿಯಿಂದ ನಾಡಿನಲ್ಲೆಲ್ಲ ಹೆಸರಾದ ತುಮಕೂರು ಜಿಲ್ಲೆಯ ಗುಬ್ಬಿಗೆ ಮೆಥಡಿಸ್ಟ್ ಕ್ರೈಸ್ತ ಸಭೆಗಳ ಇತಿಹಾಸದಲ್ಲೂ ಒಂದು ಸ್ಥಾನವಿದೆ. ಅದಕ್ಕೆ ಕಾರಣರಾದವರಲ್ಲಿ ವಿಲಿಯಂ ಆರ್ಥರ್ ಪ್ರಮುಖರು. ಅವರು ಇಲ್ಲಿದ್ದದ್ದು ಅಲ್ಪಕಾಲ. ಆದರೆ ಮುಂದಿನ ಅವರ ಜೀವಿತವೆಲ್ಲ ಸಭೆಗಳನ್ನೂ ಅವುಗಳ ನಾಯಕರನ್ನೂ ಬಲಪಡಿಸುವುದಕ್ಕೇ ಮೀಸಲಾಯಿತು.

1819ರಲ್ಲಿ ಐರ್ಲೆಂಡ್‌ನಲ್ಲಿ ಜನಿಸಿದ ಆರ್ಥರ್ ಹದಿಹರೆಯದಲ್ಲೇ ಬೋಧನೆ ಆರಂಭಿಸಿದರು. ಲಂಡನ್‌ನ ಹಾಕ್ಸ್‌ಟನ್‌ನಲ್ಲಿ ತರಬೇತಿ ಪಡೆದು, 1839ರಲ್ಲಿ, ತಮ್ಮ 20ನೆಯ ವಯಸ್ಸಿನಲ್ಲಿ ಹಡಗೇರಿದರು. ವೆಸ್ಲಿಯನ್ ಮಿಷನ್ ಅವರನ್ನು ಮೈಸೂರು ಸಂಸ್ಥಾನದ ಗುಬ್ಬಿಗೆ ನಿಯೋಜಿಸಿತು. ಕನ್ನಡ ಕಲಿಯುವುದು, ಜನರೊಡನೆ ಬೆರೆತು ಬೋಧಿಸುವುದು ಅವರ ಕಾಯಕವಾಯಿತು. ಆದರೆ ಆರೋಗ್ಯ ಕೆಟ್ಟು, ಕಣ್ಣಿನ ದೃಷ್ಟಿ ಕುಂದಿ, 1841ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಕೈಗೊಂಡ ಕೆಲಸ ಅರ್ಧದಲ್ಲೇ ಕೈಬಿಟ್ಟಿತು.

ಗುಬ್ಬಿಯ ಅನುಭವವನ್ನು ಅವರು 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಗ್ರಂಥವಾಗಿ ಪ್ರಕಟಿಸಿದರು. ಸ್ಥಳೀಯ ಧರ್ಮಗಳನ್ನು ಮಿಷನರಿಯ ಕಣ್ಣಿನಿಂದಲೇ ನೋಡಿದ ಈ ಗ್ರಂಥವನ್ನು ಇಂದಿನ ಓದುಗರು ಆ ಎಚ್ಚರದಿಂದಲೇ ಓದಬೇಕು.

1851ರಿಂದ 1868ರವರೆಗೆ ಅವರು ವೆಸ್ಲಿಯನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. ಒಂದು ಊರಿನ ಸಭೆಯನ್ನು ನಡೆಸಲಾಗದೆ ಮರಳಿದ ವ್ಯಕ್ತಿಯ ಮೇಲೆ ದೂರದೇಶಗಳ ಬೋಧಕರಿಗೆ ನೆರವಾಗುವ ಹೊಣೆ ಬಿದ್ದದ್ದು ವಿಶೇಷ.

ಸಭೆ ಕೇವಲ ಪಾದ್ರಿಯ ಸೊತ್ತಲ್ಲ ಎಂಬುದು ಅವರ ದೃಢ ನಿಲುವು. 1856ರಲ್ಲಿ ಹೊರಬಂದ 'ದಿ ಟಂಗ್ ಆಫ್ ಫೈರ್' ಅವರಿಗೆ ಅಪಾರ ಕೀರ್ತಿ ತಂದಿತು. ಕಟ್ಟಡ, ಸಂಪತ್ತು, ವಿದ್ವತ್ತು, ವ್ಯವಸ್ಥೆ ಇವು ಯಾವುವೂ ತಾವಾಗಿಯೇ ಸಭೆಗೆ ಜೀವ ತುಂಬಲಾರವು. ಪವಿತ್ರಾತ್ಮದ ವರ ಬೋಧಕರಿಗಷ್ಟೇ ಅಲ್ಲ, ಸಾಮಾನ್ಯ ವಿಶ್ವಾಸಿಗಳಿಗೂ ಸಲ್ಲುತ್ತದೆ ಎಂಬುದು ಅದರ ತಿರುಳು.

ಹಣದ ವಿಷಯದಲ್ಲೂ ಅವರದು ಇದೇ ನೇರ ನಡೆ. ಮನಸ್ಸು ಬಂದಾಗ ಕಾಣಿಕೆ ಹಾಕುವ ಬದಲು, ಆದಾಯದ ನಿಶ್ಚಿತ ಪಾಲನ್ನು, ಕನಿಷ್ಠ ಹತ್ತನೆಯ ಒಂದು ಭಾಗವನ್ನು, ದಾನಕ್ಕೆ ತೆಗೆದಿಡಬೇಕೆಂದು ಅವರು ವಾದಿಸಿದರು. ಆದಾಯ ಅನಿಶ್ಚಿತವಾಗಿದ್ದರೆ ಸಭೆಯ ಕಾರ್ಯಗಳೂ ಅನಿಶ್ಚಿತವೆಂಬುದು ಇಂದಿನ ಸಭಾ ಮಂಡಳಿಗಳಿಗೂ ತಿಳಿದ ಸಂಗತಿ.

1866ರಲ್ಲಿ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಅರಸಿ ಬಂದಿತು. 1868ರಲ್ಲಿ ಬೆಲ್‌ಫಾಸ್ಟ್‌ನ ಮೆಥಡಿಸ್ಟ್ ಕಾಲೇಜಿನ ಪ್ರಥಮ ಪ್ರಾಂಶುಪಾಲರಾದರು. ಶಾಲಾ ಶಿಕ್ಷಣದ ಜೊತೆಗೆ ಸಭಾಪಾಲಕರ ತರಬೇತಿಯೂ ಅಲ್ಲಿ ನಡೆಯುತ್ತಿತ್ತು. 1871ರವರೆಗೆ ಆ ಹೊಣೆ ಹೊತ್ತ ಅವರು, 1901ರಲ್ಲಿ ಫ್ರಾನ್ಸ್‌ನ ಕಾನ್‌ನಲ್ಲಿ ನಿಧನರಾದರು.

ಆರ್ಥರ್ ತೆರಳಿದರೂ ತುಮಕೂರು ಸೀಮೆಯಲ್ಲಿ ಮಿಷನ್‌ನ ಕೆಲಸ ನಿಲ್ಲಲಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ವೆಸ್ಲಿಯನ್ ಪರಂಪರೆಯ ಸಭೆಗಳು ಅದರಲ್ಲಿ ಸೇರಿದವು. ನಾಯಕ ಹೊರಟುಹೋದ ಮೇಲೂ ಸಭೆ ಉಳಿಯಬೇಕಾದರೆ ಸ್ಥಳೀಯರೇ ಸಿದ್ಧರಾಗಬೇಕು. ಎರಡೇ ವರ್ಷದಲ್ಲಿ ಗುಬ್ಬಿಯನ್ನು ಬಿಡಬೇಕಾಗಿ ಬಂದ ಬೋಧಕನ ಬದುಕು ಉಳಿಸಿಹೋದ ಪಾಠ ಇದು.