ಸಮುದ್ರದಡಿಯ ಫಾಲ್ಟ್ ಹುಡುಕಿದ ಮೇಷ್ಟ್ರು

ಒಂದು ಹಳೇ ಮೋಟಾರು ಬೋಟಿನ ಡ್ಯಾಶ್‌ಬೋರ್ಡ್‌ನಲ್ಲಿ ಇಂಧನದ ಗೇಜಿನ ಮುಳ್ಳು ಸದಾ ಖಾಲಿ ಕಡೆಗೇ ಮಲಗಿದೆ ಅಂದುಕೊಳ್ಳಿ. ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ರೆ ಮುಕ್ಕಾಲು ತುಂಬಿದೆ. ತಪ್ಪು ಎಲ್ಲಿ? ಅಮೆರಿಕನ್ ಮಾದರಿಯ ಗೇಜ್ ಆದ್ರೆ, ಟ್ಯಾಂಕಿನೊಳಗಿನ ಸೆಂಡರ್ ಖಾಲಿ ಇದ್ದಾಗ ಸುಮಾರು 240 ಓಮ್, ತುಂಬಿದ್ದಾಗ ಸುಮಾರು 33 ಓಮ್ ಕೊಡುತ್ತೆ. ಸೆಂಡರಿನಿಂದ ಬರೋ ವೈರ್ ಎಲ್ಲೋ ತುಂಡಾಗಿದ್ರೆ ಗೇಜಿನ ಪಾಲಿಗೆ ಅದು ಅನಂತ ರೋಧ, ಹಾಗಾಗಿ ಖಾಲಿ ಅಂತ ತೋರಿಸುತ್ತೆ. ಅದೇ ವೈರ್ ಸುಲಿದು ಅರ್ಥ್‌ಗೆ ತಗುಲಿದ್ರೆ ಖಾಲಿ ಟ್ಯಾಂಕೂ ತುಂಬಿದಂತೆ ಕಾಣುತ್ತೆ. ಉಪ್ಪುಗಾಳಿಗೆ ಸೆಂಡರಿನ ಅರ್ಥ್ ಸ್ಕ್ರೂ ಕಿಲುಬು ಹಿಡಿದಿದ್ರೆ ಇನ್ನೊಂದು ತಮಾಷೆ: ಮುಳ್ಳು ಏಳುತ್ತೆ, ಆದರೆ ಇರೋದಕ್ಕಿಂತ ಕಡಿಮೆ ತೋರಿಸುತ್ತೆ. ಕೆಲವರು ಸೀದಾ ಹೊಸ ಗೇಜ್ ತಂದು ಕೂರಿಸ್ತಾರೆ. ದುಡ್ಡು ಹೋಗುತ್ತೆ, ಮುಳ್ಳು ಮಲಗಿದಲ್ಲೇ ಇರುತ್ತೆ. ತಿಳಿದವರು ಮಲ್ಟಿಮೀಟರ್ ಹಿಡಿದು ಒಂದು ತುದಿಯಿಂದ ಅಳೀತಾ ಬರ್ತಾರೆ.

ಇದೇ ಕೆಲಸವನ್ನು ಅಟ್ಲಾಂಟಿಕ್ ಸಾಗರದ ತಳದಲ್ಲಿ ಬಿದ್ದ ಸುಮಾರು ಎರಡು ಸಾವಿರ ಮೈಲಿ ವೈರಿನ ಮೇಲೆ ಮಾಡಿದವನೊಬ್ಬನಿದ್ದ. ಆಗ ಮಲ್ಟಿಮೀಟರ್ ಇರಲಿಲ್ಲ, ಓಮ್ ಅನ್ನೋ ಮಾನಕವೂ ಇರಲಿಲ್ಲ. ಅವನ ಹೆಸರು ನಮಗೆಲ್ಲ ಗೊತ್ತು, ಆದರೆ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ 273 ಕೂಡಿಸಿದ ಮೇಲೆ ಬರೆಯೋ ಒಂದು ಅಕ್ಷರವಾಗಿ ಮಾತ್ರ. ಲಾರ್ಡ್ ಕೆಲ್ವಿನ್.

ಲಾರ್ಡ್ ಆಗಿದ್ದು ತೀರಾ ಕೊನೆಗೆ. ಹುಟ್ಟಿದ್ದು ವಿಲಿಯಂ ಥಾಮ್ಸನ್ ಆಗಿ, 1824ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅಪ್ಪ ಗಣಿತದ ಮೇಷ್ಟ್ರು. ಆರು ವರ್ಷಕ್ಕೆ ತಾಯಿ ತೀರಿಕೊಂಡರು. ಅಪ್ಪನಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೆಲಸ ಸಿಕ್ಕಿದ್ದರಿಂದ ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಹತ್ತನೇ ವಯಸ್ಸಿಗೇ ಈ ಹುಡುಗ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ! (ನಾವು ಹತ್ತನೇ ವಯಸ್ಸಲ್ಲಿ ಏನು ಮಾಡ್ತಿದ್ವಿ ಅನ್ನೋದು ಬೇಡ ಬಿಡಿ.) ಆಮೇಲೆ ಕೇಂಬ್ರಿಜ್, ಗಣಿತದ ಪರೀಕ್ಷೆಯಲ್ಲಿ ಎರಡನೇ ಸ್ಥಾನ, ಕೆಲಕಾಲ ಪ್ಯಾರಿಸ್‌ನ ಪ್ರಯೋಗಾಲಯ. 1846ರಲ್ಲಿ, 22ನೇ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಆ ಕುರ್ಚಿಯಲ್ಲಿ 53 ವರ್ಷ ಕೂತ. ವಿದ್ಯಾರ್ಥಿಗಳ ಕೈಯಲ್ಲೇ ಪ್ರಯೋಗ ಮಾಡಿಸಬೇಕು ಅಂತ ಹಳೇ ವೈನ್ ನೆಲಮಾಳಿಗೆಯೊಂದನ್ನು ಲ್ಯಾಬ್ ಮಾಡಿಕೊಂಡ. ಬಿಸಿಯ ಮೇಲಿನ ಕೆಲಸ, 1848ರ ಉಷ್ಣತಾ ಮಾನ, ಇವೆಲ್ಲ ಪಠ್ಯಪುಸ್ತಕದಲ್ಲಿ ಇವೆ. ನಾವು ವೈರಿನ ಕಡೆ ಹೋಗೋಣ.

1850ರ ದಶಕದಲ್ಲಿ ಐರ್ಲೆಂಡಿನಿಂದ ಅಮೆರಿಕ ಕಡೆಯ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಎಳೆಯೋ ಹುಚ್ಚು ಶುರುವಾಯ್ತು. ಬಂಡವಾಳ 3,50,000 ಪೌಂಡ್. ಥಾಮ್ಸನ್ ಅಷ್ಟರಲ್ಲೇ ಕಾಗದದ ಮೇಲೆ ಒಂದು ಲೆಕ್ಕ ಮಾಡಿಟ್ಟಿದ್ದ. ನೀರೊಳಗಿನ ಕೇಬಲ್ ಅಂದ್ರೆ ಬರೀ ವೈರ್ ಅಲ್ಲ, ಉದ್ದನೆಯ ಕೆಪಾಸಿಟರ್. ಒಳಗೆ ತಾಮ್ರ, ನಡುವೆ ಗಟಾಪರ್ಚಾ ಅನ್ನೋ ಮರದ ಅಂಟಿನ ಇನ್ಸುಲೇಷನ್, ಹೊರಗೆ ಉಪ್ಪುನೀರು. ಉದ್ದ ಜಾಸ್ತಿಯಾದಂತೆ ರೋಧವೂ ಏರುತ್ತೆ, ಕೆಪಾಸಿಟೆನ್ಸೂ ಏರುತ್ತೆ. ಎರಡೂ ಗುಣಿಸಿಕೊಂಡು, ಸಿಗ್ನಲ್ ತಡವಾಗೋದು ಉದ್ದದ ವರ್ಗಕ್ಕೆ ತಕ್ಕಂತೆ. ಹತ್ತು ಪಟ್ಟು ಉದ್ದ, ನೂರು ಪಟ್ಟು ತಡ. ಪರಿಹಾರ: ದಪ್ಪ ತಾಮ್ರ, ದಪ್ಪ ಇನ್ಸುಲೇಷನ್, ಸಣ್ಣ ವೋಲ್ಟೇಜ್, ಮತ್ತು ಆ ಕಡೆ ತುಂಬಾ ಸೂಕ್ಷ್ಮವಾದ ಮೀಟರ್.

ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಮೂಲತಃ ಶಸ್ತ್ರಚಿಕಿತ್ಸಕ, ಸ್ವಂತ ಆಸಕ್ತಿಯಿಂದ ವಿದ್ಯುತ್ ಕಲಿತವನು, ಕೈಯಾರೆ ಪ್ರಯೋಗ ಮಾಡಿದ್ದವನು. ವರ್ಗದ ನಿಯಮವೆಲ್ಲ ಮೇಷ್ಟ್ರ ಕಲ್ಪನೆ ಅಂತ ಅವನ ವಾದ. ಥಾಮ್ಸನ್ ಕಂಪನಿಯ ನಿರ್ದೇಶಕರಲ್ಲೊಬ್ಬನಾಗಿ ಬರೋ ಹೊತ್ತಿಗೆ ತೆಳ್ಳನೆಯ ಕೇಬಲ್ ಹೇಗಿರಬೇಕು ಅಂತ ನಿಶ್ಚಯವಾಗಿಹೋಗಿತ್ತು. ಇಲ್ಲಿ ಅವನ ಸ್ಥಿತಿ ಯೋಚಿಸಿ. ಲೆಕ್ಕ ತನ್ನ ಕಡೆಗಿದೆ, ಅಧಿಕಾರ ಇನ್ನೊಬ್ಬನ ಕೈಲಿದೆ, ತಪ್ಪು ಸಮುದ್ರದ ತಳಕ್ಕೆ ಹೋಗಿ ಕೂತ್ಕೊಳ್ಳುತ್ತೆ. ಬಿಟ್ಟು ಬರಬಹುದಿತ್ತು. ಬರಲಿಲ್ಲ. ಕೇಬಲ್ಲಿಗೆ ಬಳಸೋ ತಾಮ್ರದ ತುಂಡುಗಳನ್ನು ತರಿಸಿ ಅಳೆದ. ನೋಡೋಕೆ ಒಂದೇ ಥರ ಇದ್ದ ತಾಮ್ರಗಳ ವಾಹಕತೆಯಲ್ಲಿ ಭಾರೀ ವ್ಯತ್ಯಾಸ ಇತ್ತು. ಚೂರು ಕಲಬೆರಕೆ ಇದ್ರೂ ಸಾಕು, ತಾಮ್ರ ಕೆಡುತ್ತೆ. ಅಲ್ಲಿಂದ ಮುಂದೆ ಶುದ್ಧ ತಾಮ್ರಕ್ಕೆ ಪಟ್ಟು ಹಿಡಿದ. ಕೆಲ ವರ್ಷದ ನಂತರ ಅವನು ಮಾಡಿದ ಬ್ರಿಡ್ಜ್ ನಮ್ಮ ಲ್ಯಾಬಿನ ಕೆಲ್ವಿನ್ ಡಬಲ್ ಬ್ರಿಡ್ಜ್. ಒಂದು ಓಮಿಗಿಂತ ಎಷ್ಟೋ ಕಡಿಮೆ ರೋಧ ಅಳೆಯುವಾಗ ನಮ್ಮ ವೈರುಗಳ, ತಿರುಪುಗಳ ರೋಧವೇ ಲೆಕ್ಕ ಕೆಡಿಸದಂತೆ ಅದು ನೋಡಿಕೊಳ್ಳುತ್ತೆ. ಬೋಟಿನ ಕಿಲುಬು ಹಿಡಿದ ಅರ್ಥ್ ಸ್ಕ್ರೂ ನೆನಪಿದೆ ತಾನೆ? ಅದೇ ತೊಂದರೆಗೆ ಮದ್ದು.

1857ರ ಮೊದಲ ಪ್ರಯತ್ನದಲ್ಲಿ ಬ್ರೇಕ್ ಬಿಗಿಯಾಗಿ ಕೇಬಲ್ ಮುನ್ನೂರಕ್ಕೂ ಹೆಚ್ಚು ಮೈಲಿ ಆಚೆ ತುಂಡಾಯ್ತು. ವೈಟ್‌ಹೌಸ್ ಆರೋಗ್ಯದ ಕಾರಣ ಕೊಟ್ಟು ದಡದಲ್ಲೇ ಉಳಿದಿದ್ದ. ಅವನ ಬದಲಿಗೆ ಹಡಗು ಹತ್ತಿದವನು ಥಾಮ್ಸನ್.

1858ರಲ್ಲಿ ಮತ್ತೆ. ಈ ಸಲ ಅಗಮೆಮ್ನಾನ್ ಮತ್ತು ನಯಾಗರಾ ಅನ್ನೋ ಎರಡು ಹಡಗುಗಳು ಸಾಗರದ ಮಧ್ಯೆ ಸೇರಿ, ಕೇಬಲ್ ತುದಿಗಳನ್ನು ಜೋಡಿಸಿ, ಎದುರುಬದುರು ದಿಕ್ಕಿಗೆ ಹೋಗೋ ಯೋಜನೆ. ಥಾಮ್ಸನ್ ಇದ್ದ ಅಗಮೆಮ್ನಾನ್ ದಾರಿಯಲ್ಲೇ ಭಯಂಕರ ಬಿರುಗಾಳಿಗೆ ಸಿಕ್ಕಿ ಮುಳುಗೋದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು. ಸುತ್ತಿಟ್ಟ ಕೇಬಲ್ಲೆಲ್ಲ ಸಿಕ್ಕುಸಿಕ್ಕು. ಆಮೇಲೂ ಕೇಬಲ್ ಮತ್ತೆ ಮತ್ತೆ ಕೈಕೊಟ್ಟಿತು, ವಾಪಸ್ ಬಂದು ಮತ್ತೆ ಹೊರಟರು.

ಜುಲೈ 29ಕ್ಕೆ ಜೋಡಣೆಯಾಯ್ತು. ಅವತ್ತೇ ಸಂಜೆ, ಇನ್ನೂ ಹಡಗಿನಲ್ಲೇ ಇದ್ದ ಸುರುಳಿಯಲ್ಲಿ ಒಂದು ಕಡೆ ಕೇಬಲ್ ಜಖಂ ಆಗಿರೋದು ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ಆ ಕಡೆ ಹಡಗಿನ ಸಿಗ್ನಲ್ಲೂ ನಿಂತಿತು. ಕೇಬಲ್ ಮಾತ್ರ ಸಮುದ್ರಕ್ಕೆ ಇಳೀತಾನೇ ಇದೆ. ಜಖಂ ಆದ ಜಾಗ ನೀರಿಗೆ ಹೋಗೋ ಮೊದಲು ಅದನ್ನು ಕತ್ತರಿಸಿ ಬೆಸೆಯಬೇಕು. ಕೆಲಸಗಾರರು ಪ್ರಾಣ ಪಣಕ್ಕಿಟ್ಟು ಮಾಡಿದರು. ಬೆಸುಗೆ ಮುಗೀತು, ಸಿಗ್ನಲ್ ಬರಲಿಲ್ಲ. ಅಂದ್ರೆ ಕಣ್ಣಿಗೆ ಕಂಡ ಜಖಂ ನಿಜವಾದ ಫಾಲ್ಟ್ ಆಗಿರಲಿಲ್ಲ. ರಿಪೇರಿ ಮಾಡಿದ ಎಲ್ಲರೂ ಒಮ್ಮೆಯಾದ್ರೂ ಈ ಪೆಟ್ಟು ತಿಂದಿರ್ತಾರೆ. ಥಾಮ್ಸನ್ ಕತ್ತಲ ಕೋಣೆಯಲ್ಲಿ ಮೀಟರ್ ನೋಡ್ತಾ ಕೂತಿದ್ದ, ಉಳಿದವರು ಅವನ ಮುಖ ನೋಡ್ತಾ. ಕೊನೆಗೆ ಬೆಳಕಿನ ಚುಕ್ಕೆ ಅಲ್ಲಾಡಿತು. ಸಿಗ್ನಲ್ ಮರಳಿ ಬಂತು. ಹಡಗು ಮುಂದೆ ಹೊರಟಿತು.

ಬೆಳಕಿನ ಚುಕ್ಕೆ ಅಂದೆನಲ್ಲ, ಅದೇ ಅವನ ಮಿರರ್ ಗ್ಯಾಲ್ವನೋಮೀಟರ್. ಸಾಮಾನ್ಯ ಮೀಟರಿನ ಮುಳ್ಳಿಗೆ ತೂಕ ಇರುತ್ತೆ, ಅದನ್ನು ಸರಿಸೋಕೆ ಕರೆಂಟ್ ಬೇಕು. ಥಾಮ್ಸನ್ ಮುಳ್ಳನ್ನೇ ತೆಗೆದುಬಿಟ್ಟ. ಪುಟ್ಟ ಕನ್ನಡಿಯೊಂದರ ಬೆನ್ನಿಗೆ ಚೂರು ಅಯಸ್ಕಾಂತ ಅಂಟಿಸಿ, ರೇಷ್ಮೆ ಎಳೆಯಲ್ಲಿ ತೂಗುಬಿಟ್ಟು, ಸುತ್ತ ಸುರುಳಿ ಇಟ್ಟ. ದೀಪದ ಬೆಳಕು ಕನ್ನಡಿಗೆ ಬಿದ್ದು ದೂರದ ಅಳತೆಪಟ್ಟಿಯ ಮೇಲೆ ಚುಕ್ಕೆಯಾಗುತ್ತೆ. ಕನ್ನಡಿ ಕೂದಲೆಳೆಯಷ್ಟು ತಿರುಗಿದ್ರೂ ಚುಕ್ಕೆ ಎದ್ದು ಕಾಣುವಷ್ಟು ಓಡುತ್ತೆ. ಬೆಳಕೇ ಮುಳ್ಳು, ಬೆಳಕಿಗೆ ತೂಕ ಇಲ್ಲ. ಹಡಗು ಹೊಯ್ದಾಡಿದ್ರೂ ಕೆಡಬಾರದು ಅಂತ ಎಳೆಯನ್ನು ಮೇಲೂ ಕೆಳಗೂ ಬಿಗಿದು, ಸುತ್ತ ದಪ್ಪ ಕಬ್ಬಿಣದ ಪೆಟ್ಟಿಗೆ ಹಾಕಿದ ಮಾದರಿಯನ್ನೂ ಮಾಡಿದ.

ಆಗಸ್ಟ್ 5ಕ್ಕೆ ಕೇಬಲ್ ಎರಡೂ ದಡ ಮುಟ್ಟಿತು. ಐರ್ಲೆಂಡಿನ ವಲೆಂಷಿಯಾದಲ್ಲಿ ವೈಟ್‌ಹೌಸ್ ತನ್ನ ಐದಡಿ ಉದ್ದದ ಇಂಡಕ್ಷನ್ ಕಾಯಿಲ್‌ಗಳನ್ನು ಜೋಡಿಸಿದ. ಸುಮಾರು 2,000 ವೋಲ್ಟ್! ಸಿಗ್ನಲ್ ಸರಿಯಾಗಿ ಬರ್ತಿಲ್ವಾ, ಇನ್ನೂ ಜೋರಾಗಿ ತಳ್ಳು ಅನ್ನೋ ತರ್ಕ. ಇನ್ಸುಲೇಷನ್ ಎಲ್ಲಿ ದುರ್ಬಲವಾಗಿತ್ತೋ ಅಲ್ಲಿ ಅದು ಇನ್ನಷ್ಟು ಕೆಟ್ಟಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟೋಕೆ 16 ಗಂಟೆ ಹಿಡೀತು. ಬೇಸತ್ತ ಕಂಪನಿ ವೈಟ್‌ಹೌಸ್‌ನನ್ನು ತೆಗೆದುಹಾಕಿತು. ಥಾಮ್ಸನ್ ಕೆಲವೇ ಬ್ಯಾಟರಿ ಸೆಲ್ಲು ಮತ್ತು ತನ್ನ ಕನ್ನಡಿ ಹಿಡಿದು, ಸಾಯ್ತಿರೋ ಕೇಬಲ್ಲಿನಿಂದ ಮಾತು ಹೊರಡಿಸ್ತಾ ಹೋದ. ಆ ಕೆಲವೇ ದಿನಗಳಲ್ಲಿ ದಾಟಿದ ಒಂದು ಸಂದೇಶಕ್ಕೆ ನಮ್ಮ ದೇಶದ ನಂಟಿದೆ. 1857ರ ದಂಗೆಗಾಗಿ ಕೆನಡಾದಿಂದ ಕರೆಸಿದ್ದ ಎರಡು ರೆಜಿಮೆಂಟುಗಳು ಇನ್ನು ಹೊರಡೋದು ಬೇಡ ಅಂತ ಲಂಡನ್ ತಿಳಿಸಿತು. ಅದರಿಂದ ಸರ್ಕಾರಕ್ಕೆ ಉಳಿದದ್ದು 50,000 ಪೌಂಡ್ ಅಂತ ಲೆಕ್ಕ. ಸೆಪ್ಟೆಂಬರ್ ಶುರುವಿನಲ್ಲಿ ಕೇಬಲ್ ಹೆಚ್ಚುಕಡಿಮೆ ಮೂಕವಾಯ್ತು.

ಎಲ್ಲ ತಪ್ಪನ್ನೂ ವೈಟ್‌ಹೌಸ್ ತಲೆಗೆ ಕಟ್ಟೋದು ನ್ಯಾಯ ಅಲ್ಲ ಅಂತ ನನಗನ್ನಿಸುತ್ತೆ. ಆ ಕೇಬಲ್ಲನ್ನು ಅವಸರದಲ್ಲಿ ಮಾಡಿದ್ದರು, ಬಿಸಿಲಿಗೆ ಬಿಟ್ಟು ಗಟಾಪರ್ಚಾ ಮೆತ್ತಗಾಗಿತ್ತು. 2,000 ವೋಲ್ಟ್ ಹಾಕದಿದ್ರೂ ಅದು ಬಹಳ ಕಾಲ ಬಾಳ್ತಿತ್ತು ಅಂತ ಹೇಳಲಾಗದು. ಆದರೆ ರೋಗಿ ಏನು ಹೇಳ್ತಾನೆ ಅಂತ ಕೇಳಿಸಿಕೊಳ್ಳದೇ ಔಷಧಿ ಜಾಸ್ತಿ ಮಾಡಿದ ವೈದ್ಯ ಅವನು, ಅದಂತೂ ಹೌದು.

ಆಮೇಲೆ ವಿಚಾರಣೆ ನಡೀತು, ಥಾಮ್ಸನ್ ಹೇಳಿದ್ದ ಲೆಕ್ಕಕ್ಕೆ ಬೆಲೆ ಬಂತು. ರೋಧಕ್ಕೆ ಎಲ್ಲರೂ ಒಪ್ಪೋ ಒಂದು ಮಾನ ಬೇಕು ಅಂತ 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಸಮಿತಿ ಮಾಡಿದ್ದರ ಹಿಂದೆ ಅವನ ಒತ್ತಾಯ ಇತ್ತು. ಯಾಕೆ ಬೇಕು? ಮೈಲಿಗೆ 4 ಓಮ್ ರೋಧ ಇರೋ ಕೇಬಲ್ ಅಂತ ಇಟ್ಕೊಳ್ಳಿ. ದಡದಿಂದ ಅಳೆದ್ರೆ 400 ಓಮ್ ಬಂತು. ಹಾಗಾದ್ರೆ ಫಾಲ್ಟ್ 100 ಮೈಲಿ ಆಚೆ, ಅಲ್ವಾ? ಅಲ್ಲ. ಸುಲಿದ ಜಾಗಕ್ಕೂ ತನ್ನದೇ ರೋಧ ಇರುತ್ತೆ, ಆ 400ರಲ್ಲಿ ಅದೂ ಸೇರಿದೆ. ಅದಕ್ಕೇ ಆ ತುದಿಯನ್ನು ಬಿಚ್ಚಿಟ್ಟು ಒಂದು ಸಲ, ಅರ್ಥ್ ಮಾಡಿ ಇನ್ನೊಂದು ಸಲ ಅಳೀಬೇಕು. ಎರಡು ಅಜ್ಞಾತ, ಎರಡು ಸಮೀಕರಣ. ಹಡಗು ಎಲ್ಲಿಗೆ ಹೋಗಬೇಕು ಅಂತ ಆಗ ಗೊತ್ತಾಗುತ್ತೆ.

1865ರಲ್ಲಿ ಇಡೀ ಕೇಬಲ್ಲನ್ನು ಹೊತ್ತು ಹೊರಟಿದ್ದು ಗ್ರೇಟ್ ಈಸ್ಟರ್ನ್ ಅನ್ನೋ ದೈತ್ಯ ಹಡಗು. ಥಾಮ್ಸನ್ ಅದರಲ್ಲೂ ಇದ್ದ. ಈ ಸಲ ತಾಮ್ರ ಮೈಲಿಗೆ 300 ಪೌಂಡ್, 1858ರದ್ದಕ್ಕಿಂತ ಸುಮಾರು ಮೂರು ಪಟ್ಟು. ದಡ ಬಿಟ್ಟು ಇನ್ನೂ ನೂರು ಮೈಲಿ ಆಗಿಲ್ಲ, ಚುಕ್ಕೆ ಓಡಿತು, ಎಲ್ಲೋ ಸೋರಿಕೆ. ಕೇಬಲ್ ಎಳೆದು ನೋಡಿದ್ರೆ ಎರಡಿಂಚು ಕಬ್ಬಿಣದ ತಂತಿಯ ಚೂರು ಇನ್ಸುಲೇಷನ್ ಒಳಗೆ ಚುಚ್ಚಿಕೊಂಡಿದೆ. ಇಂಥದ್ದು ಮತ್ತೆ ಆಯ್ತು, ಯಾರೋ ಬೇಕಂತಲೇ ಚುಚ್ತಿದ್ದಾರೆ ಅಂತ ಅನುಮಾನವೂ ಬಂತು. ಕೊನೆಗೊಂದು ಫಾಲ್ಟನ್ನು ಮೇಲೆತ್ತುವಾಗ ಕೇಬಲ್ ತುಂಡಾಗಿ ಎರಡೂವರೆ ಮೈಲಿ ಆಳಕ್ಕೆ ಹೋಯ್ತು.

ಮರುವರ್ಷ, 1866ರ ಜುಲೈ 27ರಂದು, ಹೊಸ ಕೇಬಲ್ ದಡ ಮುಟ್ಟಿತು. ಅಷ್ಟಕ್ಕೇ ಬಿಡಲಿಲ್ಲ. ಹಡಗು ವಾಪಸ್ ಹೋಗಿ ಕೊಕ್ಕೆ ಬಿಟ್ಟು ಹಿಂದಿನ ವರ್ಷ ಕಳೆದುಹೋದದ್ದನ್ನೂ ಮೇಲೆತ್ತಿತು. ವಲೆಂಷಿಯಾದಲ್ಲಿ ಒಬ್ಬ ಆಪರೇಟರ್ ಸತ್ತ ಕೇಬಲ್ಲಿನ ಮುಂದೆ ಕೂತು ಚುಕ್ಕೆ ನೋಡ್ತಾ ಇರ್ತಿದ್ದ. ಸೆಪ್ಟೆಂಬರಿನ ಒಂದು ದಿನ ಅದು ಇದ್ದಕ್ಕಿದ್ದಂತೆ ಅಲ್ಲಾಡಿತು. ಆಮೇಲೆ ಲ್ಯಾಟಿಮರ್ ಕ್ಲಾರ್ಕ್ ಅನ್ನೋ ಎಂಜಿನಿಯರ್ ಆ ಕಡೆ ಎರಡೂ ಕೇಬಲ್‌ಗಳ ತುದಿ ಸೇರಿಸಿಸಿ, ದರ್ಜಿಯವರು ಬೆರಳಿಗೆ ಹಾಕೋ ಬೆಳ್ಳಿ ಟೋಪಿಯಲ್ಲಿ ಒಂದಿಷ್ಟು ಆಸಿಡ್, ಒಂದು ಚೂರು ಸತು ಹಾಕಿ ಬ್ಯಾಟರಿ ಮಾಡಿ, ಸಾಗರವನ್ನು ಎರಡು ಸಲ ದಾಟಿಸಿ ಸಿಗ್ನಲ್ ಕಳಿಸಿದ. ಥಾಮ್ಸನ್‌ನ ಕನ್ನಡಿ ಅದನ್ನು ಓದಿತು. ಎಂಟು ವರ್ಷದ ಹಿಂದೆ 2,000 ವೋಲ್ಟ್ ಹಾಕಿದ್ದರು!

ಆ ವರ್ಷ ಅವನು ಸರ್ ಆದ. ಬಹುಕಾಲ ಕಾಯಿಲೆಯಲ್ಲಿದ್ದ ಹೆಂಡತಿ ಮಾರ್ಗರೆಟ್ 1870ರಲ್ಲಿ ತೀರಿಕೊಂಡಳು. ಅದೇ ವರ್ಷ 126 ಟನ್ನಿನ ಲಾಲಾ ರೂಖ್ ಅನ್ನೋ ಹಾಯಿಹಡಗು ಕೊಂಡ. 1873ರಲ್ಲಿ ಬ್ರೆಜಿಲ್ ಕೇಬಲ್ ಹಾಕೋಕೆ ಹೊರಟ ಹಡಗು, ಕೇಬಲ್ಲಿನಲ್ಲೊಂದು ಫಾಲ್ಟ್ ಬಂದು ಮದೀರಾ ದ್ವೀಪದಲ್ಲಿ 16 ದಿನ ನಿಲ್ಲಬೇಕಾಯ್ತು. ಅಲ್ಲಿ ಬ್ಲಾಂಡಿ ಕುಟುಂಬದ ಪರಿಚಯ. ಮರುವರ್ಷ ಥಾಮ್ಸನ್ ತನ್ನ ಹಡಗಿನಲ್ಲೇ ಮದೀರಾಗೆ ಹೋಗಿ, ಬಂದರಿನಿಂದಲೇ ಸಿಗ್ನಲ್ ಮಾಡಿ, ಆ ಮನೆಯ ಮಗಳು ಫ್ಯಾನಿಯನ್ನು ಮದುವೆಯಾಗ್ತೀಯಾ ಅಂತ ಕೇಳಿದ ಅಂತ ಕಥೆ. ಉತ್ತರವೂ ಸಿಗ್ನಲ್ಲಿನಲ್ಲೇ ಬಂತಂತೆ. ಮದುವೆಯಂತೂ 1874ರಲ್ಲಿ ಆಯ್ತು. ಫಾಲ್ಟುಗಳಿಂದ ಯಾರಿಗಾದ್ರೂ ಲಾಭ ಆಗಿದ್ರೆ ಇವನಿಗೇ.

ಆ ಹಡಗು ತೇಲೋ ಲ್ಯಾಬ್ ಕೂಡ ಆಗಿತ್ತು. ಹಡಗು ನಿಲ್ಲಿಸದೇ ಆಳ ಅಳೆಯೋಕೆ ಪಿಯಾನೋ ತಂತಿಗೆ ಭಾರ ಕಟ್ಟಿ ಇಳಿಸೋ ಯಂತ್ರ ಮಾಡಿದ. ಕಬ್ಬಿಣದ ಹಡಗಿನಲ್ಲಿ ದಿಕ್ಸೂಚಿ ಸುಳ್ಳು ಹೇಳುತ್ತೆ ಅಂತ, ರೇಷ್ಮೆ ದಾರದಲ್ಲಿ ಪುಟ್ಟ ಸೂಜಿಗಳನ್ನು ಕಟ್ಟಿದ ಹಗುರ ಬಿಲ್ಲೆ, ಅಕ್ಕಪಕ್ಕ ಎರಡು ಕಬ್ಬಿಣದ ಗುಂಡು ಇರೋ ಹೊಸ ದಿಕ್ಸೂಚಿ ಮಾಡಿದ. ಬ್ರಿಟಿಷ್ ನೌಕಾಪಡೆ ಅದನ್ನು 1889ರಲ್ಲಿ ಒಪ್ಪಿಕೊಂಡಿತು.

ಅವನೂ ಎಡವಿದ್ದಾನೆ. ಭೂಮಿಯ ವಯಸ್ಸನ್ನು ತೀರಾ ಕಡಿಮೆ ಲೆಕ್ಕ ಹಾಕಿದ. ಡಿಸಿಯೇ ಸರಿ, ಎಸಿ ಬೇಡ ಅಂತ ಬಹಳ ಕಾಲ ಹಟ ಮಾಡಿದ. ವಿಮಾನ ಹಾರುತ್ತೆ ಅಂತ ನಂಬಲಿಲ್ಲ. ಇನ್ನೊಬ್ಬರ ಅಳತೆಯನ್ನು ಕೇಳದೇ ಇರೋ ಕಾಯಿಲೆ ಅವನಿಗೂ ವಯಸ್ಸಾದ ಮೇಲೆ ಸ್ವಲ್ಪ ಹತ್ತಿತ್ತು.

1892ರಲ್ಲಿ ಲಾರ್ಡ್ ಪದವಿ ಬಂತು. ವಿಶ್ವವಿದ್ಯಾಲಯದ ಪಕ್ಕ ಹರಿಯೋ ಕೆಲ್ವಿನ್ ಅನ್ನೋ ಹೊಳೆಯ ಹೆಸರನ್ನೇ ಇಟ್ಟುಕೊಂಡ. 1899ರಲ್ಲಿ, 75ಕ್ಕೆ, ನಿವೃತ್ತನಾದ. ಕೂಡಲೇ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲೇ ಸಂಶೋಧನಾ ವಿದ್ಯಾರ್ಥಿ ಅಂತ ಮತ್ತೆ ಹೆಸರು ನೋಂದಾಯಿಸಿಕೊಂಡ. 1907ರ ಡಿಸೆಂಬರ್ 17ರಂದು ಲಾರ್ಗ್ಸ್ ಊರಿನ ತನ್ನ ಮನೆಯಲ್ಲಿ ತೀರಿಕೊಂಡ. ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ ಪಕ್ಕದಲ್ಲಿ ಇದೆ.